ಬಣ್ಣಗಳು ದೂರವಾಗಿರಲಿಲ್ಲ, ಜೀನ್ ಮುರಿದಿತ್ತು: ಒಂದು ಫಿಶ್ ಪ್ರಕರಣ

ಫಿಶ್ ಎಂದರೆ ಹೊಳೆಯುವ ಬಣ್ಣದ ಡಿಎನ್‌ಎ ತುಂಡುಗಳನ್ನು (ಪ್ರೋಬ್) ಅಂಟಿಸಿ, ಕೋಶದೊಳಗೆ ಜೀನ್ ಎಲ್ಲಿದೆ ಎಂದು ಮೈಕ್ರೋಸ್ಕೋಪಿನಲ್ಲಿ ನೋಡುವ ಪರೀಕ್ಷೆ. ‘ಬ್ರೇಕ್-ಅಪಾರ್ಟ್ ಫಿಶ್ ನೆಗೆಟಿವ್’ ಎಂದು ವರದಿ ಬಂದರೆ ಹೆಚ್ಚಿನವರು ‘ಜೀನ್ ಫ್ಯೂಶನ್ (ಎರಡು ಜೀನ್‌ಗಳ ತುಂಡುಗಳು ಅಂಟಿ ಒಂದಾಗುವುದು) ಇಲ್ಲ’ ಎಂದೇ ಓದಿಕೊಳ್ಳುತ್ತಾರೆ. ಸಂಶೋಧನೆಗೆಂದು ಗಡ್ಡೆಗಳನ್ನು ಗುಂಪು ಮಾಡುವಾಗಲಂತೂ ಈ ಜಿಗಿತ ಯಾರ ಗಮನಕ್ಕೂ ಬಾರದೆ ನಡೆದುಹೋಗುತ್ತದೆ. ಆದರೆ ಫಿಶ್‌ಗೆ ಅಷ್ಟೆಲ್ಲ ಗೊತ್ತಿಲ್ಲ. ಜೀನಿನ ಎರಡು ಬದಿಗಳು ಇನ್ನೂ ಹತ್ತಿರ ಇವೆಯೋ, ದೂರ ಹೋಗಿವೆಯೋ, ಅಷ್ಟನ್ನೇ ಅದು ತೋರಿಸುತ್ತದೆ. ಉಳಿದದ್ದು ನಾವು ಕಟ್ಟಿಕೊಂಡ ಅರ್ಥ.

ಈ ವ್ಯತ್ಯಾಸ ಎಲ್ಲಿ ಕೈಕೊಡುತ್ತದೆ ಎಂದು ತೋರಿಸಲು ಮೂಳೆ ಮತ್ತು ಮೆದು ಅಂಗಾಂಶದ ಕ್ಯಾನ್ಸರ್ ಆದ ಯೂಯಿಂಗ್ ಸಾರ್ಕೋಮಾದ ಒಂದು ಪ್ರಕರಣವನ್ನು ಮೊದಲಿಂದ ಬಿಡಿಸಿಡುತ್ತೇನೆ. ಇದು ಯಾವುದೋ ಒಬ್ಬ ರೋಗಿಯ ಕಡತವಲ್ಲ. ಈ ಬಗೆಯ ಗಡ್ಡೆಗಳಲ್ಲಿ ಎದುರಾಗುವುದನ್ನೆಲ್ಲ ಒಂದೇ ಪ್ರಕರಣವಾಗಿ ಜೋಡಿಸಿದ್ದೇನೆ. ಕೋಶಗಳ ಎಣಿಕೆಗಳೂ ಲೆಕ್ಕ ಹೇಗೆ ನಡೆಯುತ್ತದೆ ಎಂದು ತೋರಿಸಲು ಇಟ್ಟವು.

ಮಾದರಿ ಬಂದದ್ದು ಹೀಗೆ

16 ವರ್ಷದ ಹುಡುಗ. ಎದೆಯ ಗೋಡೆಯಲ್ಲಿ ಗಡ್ಡೆ. ಪಕ್ಕೆಲುಬಿಗೆ ತಾಗಿಕೊಂಡಿದೆ, ಆದರೆ ಮೂಳೆಯೊಳಗೆ ಇಳಿದಿಲ್ಲ. ಸೂಜಿ ಬಯಾಪ್ಸಿಯಲ್ಲಿ ಸಿಕ್ಕಿದ್ದು ದಾರದಷ್ಟು ತೆಳುವಾದ ಮೂರು ತುಂಡು. ಫಾರ್ಮಲಿನ್‌ನಲ್ಲಿಟ್ಟು ಪ್ಯಾರಾಫಿನ್ ಬ್ಲಾಕ್ ಮಾಡಲಾಗಿತ್ತು. ಮೂಳೆ ಇಲ್ಲದ್ದರಿಂದ ಆಮ್ಲದಲ್ಲಿ ಮೆದು ಮಾಡುವ ಕೆಲಸ ಇರಲಿಲ್ಲ. ಇದು ಸಣ್ಣ ವಿಷಯವಲ್ಲ. ಬಲವಾದ ಆಮ್ಲದಲ್ಲಿ ಮೂಳೆಯ ಸುಣ್ಣ ತೆಗೆದ ಮಾದರಿಯಲ್ಲಿ ಡಿಎನ್‌ಎ, ಆರ್‌ಎನ್‌ಎ ಎರಡೂ ಹಾಳಾಗಿರುತ್ತವೆ, ಮುಂದಿನ ಪರೀಕ್ಷೆಗಳಿಗೆ ಹಿಡಿತವೇ ಸಿಗುವುದಿಲ್ಲ.

ಮೈಕ್ರೋಸ್ಕೋಪಿನಲ್ಲಿ ಕಂಡದ್ದು ಸಣ್ಣ, ದುಂಡಗಿನ, ನೀಲಿ ಕೋಶಗಳ ಹಾಸು. ಕಷ್ಟ ಶುರುವಾಗುವುದೇ ಇಲ್ಲಿಂದ. ಯೂಯಿಂಗ್ ಸಾರ್ಕೋಮಾ, ಲಿಂಫೋಬ್ಲಾಸ್ಟಿಕ್ ಲಿಂಫೋಮಾ, ರಾಬ್ಡೋಮಯೋಸಾರ್ಕೋಮಾದ ಕೆಲವು ಬಗೆಗಳು, ಸಿಐಸಿ ಅಥವಾ ಬಿಸಿಒಆರ್ ಜೀನ್ ಮುರಿದ ಸಾರ್ಕೋಮಾಗಳು: ಎಲ್ಲವೂ ಮೊದಲ ನೋಟಕ್ಕೆ ಹೆಚ್ಚುಕಡಿಮೆ ಹೀಗೇ ಕಾಣುತ್ತವೆ. ಚಿಕಿತ್ಸೆ ಮಾತ್ರ ಒಂದೇ ಅಲ್ಲ.

ಕೋಶದಲ್ಲಿ ಯಾವ ಪ್ರೋಟೀನ್ ಇದೆ ಎಂದು ಆಂಟಿಬಾಡಿಯಿಂದ ಗುರುತಿಸುವ ಪ್ರೋಟೀನ್ ಬಣ್ಣಗಳ ಫಲಿತಾಂಶ ಒಂದೇ ದಿಕ್ಕಿಗೆ ಬೊಟ್ಟು ಮಾಡುತ್ತಿತ್ತು. ಸಿಡಿ99 ಕೋಶದ ಅಂಚಿನ ಸುತ್ತ ಗಟ್ಟಿಯಾಗಿ ಬಂದಿತ್ತು. ಎನ್‌ಕೆಎಕ್ಸ್2.2 ಕೂಡ ಪಾಸಿಟಿವ್. ಸ್ನಾಯುವಿನ ಗುರುತುಗಳಾದ ಡೆಸ್ಮಿನ್, ಮಯೋಜೆನಿನ್ ಇಲ್ಲ. ಲಿಂಫೋಮಾ ಕಡೆಯ ಟಿಡಿಟಿ, ಸಿಡಿ45 ಇಲ್ಲ. ಸಿಡಿ99 ಒಂದನ್ನೇ ನಂಬುವ ಹಾಗಿಲ್ಲ, ಲಿಂಫೋಬ್ಲಾಸ್ಟಿಕ್ ಲಿಂಫೋಮಾದಲ್ಲೂ ಅದು ಚೆನ್ನಾಗಿಯೇ ಬರುತ್ತದೆ. ಎಲ್ಲ ಸೇರಿಸಿ ನೋಡಿದರೆ ಇದು ಯೂಯಿಂಗ್ ಎನ್ನಿಸುತ್ತದೆ. ಆದರೆ ಎನ್ನಿಸಿದರೆ ಸಾಲದು, ಫ್ಯೂಶನ್ ಕಾಣಿಸಬೇಕು.

ಮಾದರಿ ಸೇರಿದ್ದು ಒಂದು ಅಧ್ಯಯನಕ್ಕೆ. ದುಂಡು ಕೋಶದ ಸಾರ್ಕೋಮಾಗಳನ್ನು ಫ್ಯೂಶನ್ ಪ್ರಕಾರ ವಿಂಗಡಿಸುವುದು, ಯಾವ ಗೊತ್ತಿರುವ ಫ್ಯೂಶನ್ನೂ ಇಲ್ಲದವನ್ನು ಬೇರೆ ತೆಗೆದಿಟ್ಟು ಅವುಗಳಲ್ಲಿ ಹೊಸ ಫ್ಯೂಶನ್ ಹುಡುಕುವುದು ಅದರ ಉದ್ದೇಶ. ಬಾಗಿಲಲ್ಲಿ ನಿಂತು ವಿಂಗಡಿಸುವ ಕೆಲಸ ಫಿಶ್‌ನದು. ಬಾಗಿಲಲ್ಲೇ ಎಡವಟ್ಟಾದರೆ ಹೊಸದು ಹುಡುಕುವ ಗುಂಪಿಗೆ ಹಳೆಯ ರೋಗವೇ ನುಗ್ಗಿಬಿಡುತ್ತದೆ.

ಪ್ರೋಬ್ ಏನು ನೋಡುತ್ತದೆ

ಯೂಯಿಂಗ್ ಸಾರ್ಕೋಮಾದಲ್ಲಿ ಮುರಿಯುವ ಜೀನ್ ಇಡಬ್ಲ್ಯೂಎಸ್‌ಆರ್1. ಇರುವುದು 22ನೇ ಕ್ರೋಮೋಸೋಮಿನ ಉದ್ದ ತೋಳಿನಲ್ಲಿ. ಹೆಸರು ಉದ್ದವಾಯಿತು, ಇಲ್ಲಿ ಸುಮ್ನೆ ಇಡಬ್ಲ್ಯೂಎಸ್ ಎನ್ನೋಣ. ಇದರ ಮುಂಭಾಗ ಇನ್ನೊಂದು ಜೀನಿನ ಹಿಂಭಾಗಕ್ಕೆ ಅಂಟಿಕೊಂಡರೆ ಫ್ಯೂಶನ್. ಸುಮಾರು 85% ಗಡ್ಡೆಗಳಲ್ಲಿ ಜೊತೆಗಾರ 11ನೇ ಕ್ರೋಮೋಸೋಮಿನ ಎಫ್‌ಎಲ್‌ಐ1. ಇದನ್ನು 1992ರಲ್ಲಿ ಒಲಿವಿಯೇ ಡೆಲಾಟ್ರ್ ಮತ್ತು ಜೊತೆಗಾರರು ಬಿಡಿಸಿಟ್ಟರು. ಸುಮಾರು 10% ಗಡ್ಡೆಗಳಲ್ಲಿ ಜೊತೆಗಾರ 21ನೇ ಕ್ರೋಮೋಸೋಮಿನ ಇಆರ್‌ಜಿ. ಅದು ಗೊತ್ತಾಗಿದ್ದು ಅದರ ಹಿಂದೆಯೇ, 1993–94ರ ಹೊತ್ತಿಗೆ. ಉಳಿದ ಜೊತೆಗಾರರು ಅಪರೂಪ.

ಜೊತೆಗಾರ ಯಾರೇ ಆಗಿರಲಿ, ಮುರಿಯುವುದು ಇಡಬ್ಲ್ಯೂಎಸ್ ತಾನೆ? ಹಾಗಾಗಿ ಅದರ ಎರಡು ಬದಿಗೆ ಎರಡು ಬಣ್ಣದ ಡಿಎನ್‌ಎ ಪ್ರೋಬ್ ಅಂಟಿಸಿದರೆ ಆಯಿತು. ಮುಂಬದಿಗೆ ಕೆಂಪು, ಹಿಂಬದಿಗೆ ಹಸಿರು ಎಂದಿಟ್ಟುಕೊಳ್ಳಿ. ಬಣ್ಣ ತಯಾರಕರ ಮೇಲೆ ಹೋಗುತ್ತದೆ, ತರ್ಕ ಒಂದೇ. ಜೀನ್ ಸರಿಯಿದ್ದರೆ ಕೆಂಪು-ಹಸಿರು ಅಂಟಿಕೊಂಡು ಹಳದಿಯಾಗಿ ಕಾಣುತ್ತವೆ. ಒಂದು ಕೋಶದಲ್ಲಿ ಎರಡು ಪ್ರತಿ, ಆದ್ದರಿಂದ ಎರಡು ಹಳದಿ. ಒಂದು ಪ್ರತಿ ಮುರಿದು ಚೆದುರಿದರೆ ಒಂದು ಹಳದಿ, ಒಂದು ಒಂಟಿ ಕೆಂಪು, ಒಂದು ಒಂಟಿ ಹಸಿರು. ಇದೇ ಬ್ರೇಕ್-ಅಪಾರ್ಟ್ ಪ್ರೋಬ್. ಜೊತೆಗಾರನ ಹೆಸರು ಅದಕ್ಕೆ ಬೇಕಿಲ್ಲ. ಅದರ ಬಲವೂ ಅದೇ, ಮಿತಿಯೂ ಅದೇ.

ಸ್ಲೈಡ್ ತಯಾರಿ ಎಂದಿನಂತೆಯೇ ನಡೆಯಿತು. 4 ಮೈಕ್ರಾನ್ ದಪ್ಪದ ಸೆಕ್ಷನ್, ಮೇಣ ತೆಗೆಯುವುದು, ಬಿಸಿ ದ್ರಾವಣ, ಪೆಪ್ಸಿನ್‌ನಿಂದ ಪ್ರೋಟೀನ್ ಕರಗಿಸುವುದು, ಡಿಎನ್‌ಎ ಎಳೆಗಳನ್ನು ಬಿಸಿಯಲ್ಲಿ ಬಿಡಿಸುವುದು, ಪ್ರೋಬ್ ಹಾಕಿ 37 ಡಿಗ್ರಿಯಲ್ಲಿ ರಾತ್ರಿಯಿಡೀ ಬಿಡುವುದು, ತೊಳೆಯುವುದು, ಡಾಪಿಯಿಂದ ನ್ಯೂಕ್ಲಿಯಸ್‌ಗೆ ನೀಲಿ ಬಣ್ಣ. ಪೆಪ್ಸಿನ್ ಕಡಿಮೆಯಾದರೆ ಪ್ರೋಬ್ ಒಳಗೆ ಹೋಗುವುದಿಲ್ಲ, ಜಾಸ್ತಿಯಾದರೆ ನ್ಯೂಕ್ಲಿಯಸ್ ತೂತುಬೀಳುತ್ತದೆ. ಈ ಸ್ಲೈಡಿನಲ್ಲಿ ಎರಡೂ ಆಗಿರಲಿಲ್ಲ. ಸಿಗ್ನಲ್, ಅಂದರೆ ಪ್ರೋಬ್ ಅಂಟಿದ ಕಡೆ ಕಾಣುವ ಬಣ್ಣದ ಹೊಳಪು, ಚೊಕ್ಕವಾಗಿತ್ತು. ಮುಂದೆ ಬಂದ ಗೊಂದಲಕ್ಕೆ ಕೆಟ್ಟ ಸ್ಲೈಡ್ ಕಾರಣವಲ್ಲ ಎನ್ನಲು ಇದನ್ನು ಹೇಳಬೇಕಾಯಿತು.

ಎಣಿಕೆ, ಮತ್ತು ಎಣಿಕೆಯ ಹೊರಗೆ ಉಳಿದದ್ದು

ಲ್ಯಾಬಿನ ನಿಯಮ ಸರಳ. ಕೆಂಪು-ಹಸಿರಿನ ನಡುವೆ ಎರಡು ಸಿಗ್ನಲ್‌ನಷ್ಟು ಅಗಲದ ಅಂತರವಿದ್ದರೆ ಅದು ಒಡೆದ ಜೋಡಿ. 10%ಗಿಂತ ಜಾಸ್ತಿ ಕೋಶಗಳಲ್ಲಿ ಒಡೆದ ಜೋಡಿ ಇದ್ದರೆ ಪಾಸಿಟಿವ್. ಈ ಕಟ್‌ಆಫ್ ಎಲ್ಲ ಕಡೆ ಒಂದೇ ಅಲ್ಲ, ಮಾಮೂಲಿ ಅಂಗಾಂಶದಲ್ಲಿ ಎಷ್ಟು ಸುಳ್ಳು ಒಡಕು ಕಾಣುತ್ತದೆ ಎಂದು ಅಳೆದು ಪ್ರತಿ ಲ್ಯಾಬ್ ತಾನೇ ಗೊತ್ತುಮಾಡಿಕೊಳ್ಳುತ್ತದೆ.

ಮೊದಲ ಓದುಗರು 100 ನ್ಯೂಕ್ಲಿಯಸ್ ಎಣಿಸಿದರು: 8 ಒಡೆದವು. ಎರಡನೆಯವರು ಬೇರೆ 100 ಎಣಿಸಿದರು: 6. ಒಟ್ಟು 200ರಲ್ಲಿ 14, ಅಂದರೆ 7%. ನೆಗೆಟಿವ್. ಇಬ್ಬರ ಎಣಿಕೆಯೂ ಹೊಂದುತ್ತದೆ, ತಕರಾರಿಲ್ಲ. ವರದಿ ಇಲ್ಲಿಗೇ ಮುಗಿಯಬಹುದಿತ್ತು.

ಮುಗಿಯದೇ ಇದ್ದದ್ದು ಎರಡನೇ ಓದುಗರು ಹಾಳೆಯ ಅಂಚಿನಲ್ಲಿ ಬರೆದ ಒಂದು ಸಾಲಿನಿಂದ: ‘ಒಂದು ಜೋಡಿ ಯಾವಾಗಲೂ ಸಡಿಲ.’ ಪೆಥಾಲಜಿಸ್ಟ್ ಕೇಳಿದರು, “ಸಡಿಲ ಅಂದರೆ? ಎರಡು ಸಿಗ್ನಲ್ ಅಗಲ ಇದೆಯಾ?”

“ಇಲ್ಲ ಮೇಡಂ, ಒಂದರಷ್ಟು. ಅದಕ್ಕೇ ಎಣಿಸಲಿಲ್ಲ. ಆದರೆ ಕೋಶ ಕೋಶಕ್ಕೂ ಹಾಗೇ ಇದೆ.”

ನನ್ನ ಪ್ರಕಾರ ಇಡೀ ಪ್ರಕರಣದಲ್ಲಿ ಅತಿ ಬೆಲೆಯುಳ್ಳ ಮಾಹಿತಿ ಇದು. ಎಣಿಕೆಯ ಕಾಲಮ್‌ನಲ್ಲಿ ಅದಕ್ಕೆ ಜಾಗವೇ ಇರಲಿಲ್ಲ.

ಸಣ್ಣ ಅಂತರ ಮಾಮೂಲಿ ಕೋಶಗಳಲ್ಲೂ ಕಾಣುತ್ತದೆ. ಡಿಎನ್‌ಎ ಬಿಗಿಯಾಗಿ ಸುತ್ತಿದ ಎಳೆಯಲ್ಲ, ಅಲ್ಲಲ್ಲಿ ಬಿಚ್ಚಿಕೊಂಡಿರುತ್ತದೆ. ಪ್ರೋಬ್‌ಗಳೂ ಚುಕ್ಕಿಗಳಲ್ಲ, ಒಂದೊಂದೂ ಲಕ್ಷಾಂತರ ಬೇಸ್‌ಗಳಷ್ಟು (ಬೇಸ್ ಎಂದರೆ ಡಿಎನ್‌ಎಯ ಒಂದು ಅಕ್ಷರ) ಉದ್ದ. ಹಾಗಾಗಿ ಕೆಂಪು-ಹಸಿರು ಒಮ್ಮೊಮ್ಮೆ ಸ್ವಲ್ಪ ಸರಿದು ನಿಲ್ಲುತ್ತವೆ. ಎರಡು ಸಿಗ್ನಲ್ ಅಗಲ ಎಂಬ ನಿಯಮ ಬಂದದ್ದೇ ಇಂಥ ಗದ್ದಲವನ್ನು ಹೊರಗಿಡಲು. ಆದರೆ ಗದ್ದಲಕ್ಕೆ ಒಂದು ಗುಣವಿದೆ: ಅದು ಎರಡು ಪ್ರತಿಗಳಲ್ಲಿ ಇಂಥದೇ ಎಂದು ಆರಿಸಿಕೊಳ್ಳುವುದಿಲ್ಲ. ಕೆಲವು ಕೋಶಗಳಲ್ಲಿ ಎರಡೂ ಜೋಡಿ ಸಡಿಲ, ಕೆಲವುಗಳಲ್ಲಿ ಎರಡೂ ಬಿಗಿ, ಕೆಲವುಗಳಲ್ಲಿ ಒಂದೊಂದು. ಇಲ್ಲಿ ಹಾಗಿರಲಿಲ್ಲ. ಒಂದು ಬಿಗಿ, ಒಂದು ಸಡಿಲ, ಮತ್ತೆ ಮತ್ತೆ ಅದೇ.

ಮರುಎಣಿಕೆಗೆ ಬೇರೆ ಪ್ರಶ್ನೆ ಇಟ್ಟುಕೊಂಡರು. ಎರಡು ಜೋಡಿಯೂ ಪೂರ್ತಿ ಕಾಣುವ 100 ಗಡ್ಡೆಕೋಶಗಳಲ್ಲಿ ‘ಒಂದು ಬಿಗಿ, ಒಂದು ಸಡಿಲ’ ಮಾದರಿ ಎಷ್ಟು? 61. ಅದೇ ಸ್ಲೈಡಿನಲ್ಲಿ ರಕ್ತನಾಳದ ಒಳಪದರದ ಕೋಶಗಳು, ಅಲ್ಲಲ್ಲಿ ಲಿಂಫೋಸೈಟ್‌ಗಳು ಇದ್ದವು. ಇವು ಗಡ್ಡೆಯವಲ್ಲ, ಆದರೆ ಅದೇ ಫಾರ್ಮಲಿನ್, ಅದೇ ಪೆಪ್ಸಿನ್, ಅದೇ ಬಿಸಿ ಕಂಡಂಥವು. ಅಂಥ 50 ಕೋಶಗಳಲ್ಲಿ ಈ ಮಾದರಿ ಕಂಡದ್ದು 4ರಲ್ಲಿ ಮಾತ್ರ.

ಹೋಲಿಕೆಗೆಂದು ಹೊರಗಿನಿಂದ ತಂದ ಕಂಟ್ರೋಲ್ ಸ್ಲೈಡ್ ಎಷ್ಟೇ ಒಳ್ಳೆಯದಿದ್ದರೂ ಪಕ್ಕದ ಮನೆಯವನಂತಿರುವ ಈ ಕೋಶಗಳ ಸಾಕ್ಷ್ಯಕ್ಕೆ ಸಮವಲ್ಲ. ತಯಾರಿಯ ದೋಷದಿಂದ ಸಡಿಲವಾಗಿದ್ದರೆ ಎಲ್ಲ ಕೋಶಗಳಲ್ಲೂ ಆಗಬೇಕಿತ್ತು. ಗಡ್ಡೆಕೋಶಗಳಲ್ಲಷ್ಟೇ ಆಗಿದೆ ಎಂದರೆ ಅಲ್ಲಿ ನಿಜವಾಗಿ ಏನೋ ನಡುವೆ ಸೇರಿಕೊಂಡಿದೆ.

ಜೀನಿನ ದಿಕ್ಕು

ಏನು ಸೇರಿಕೊಂಡಿರಬಹುದು? ಉತ್ತರಕ್ಕೆ ಜೀನ್‌ಗಳು ಕ್ರೋಮೋಸೋಮಿನ ಮೇಲೆ ಯಾವ ಕಡೆಗೆ ಮುಖ ಮಾಡಿವೆ ಎಂದು ನೋಡಬೇಕು.

ಇಡಬ್ಲ್ಯೂಎಸ್ ಓದಿಸಿಕೊಳ್ಳುವುದು ಸೆಂಟ್ರೋಮಿಯರ್ (ಕ್ರೋಮೋಸೋಮಿನ ಎರಡು ತೋಳು ಕೂಡುವ ಜಾಗ) ಕಡೆಯಿಂದ ತುದಿಯ ಕಡೆಗೆ. ಎಫ್‌ಎಲ್‌ಐ1 ಕೂಡ ತನ್ನ ಕ್ರೋಮೋಸೋಮಿನಲ್ಲಿ ಅದೇ ದಿಕ್ಕಿಗಿದೆ. ಹಾಗಾಗಿ 11 ಮತ್ತು 22ರ ತೋಳುಗಳು ತುಂಡಾಗಿ ಅದಲುಬದಲಾದರೆ ಸಾಕು, ಒಂದರ ಮುಂಭಾಗಕ್ಕೆ ಇನ್ನೊಂದರ ಹಿಂಭಾಗ ಸರಿಯಾಗಿ ಕೂಡಿಕೊಳ್ಳುತ್ತದೆ. ಕೆಂಪು ಒಂದು ಕ್ರೋಮೋಸೋಮಿನಲ್ಲಿ, ಹಸಿರು ಇನ್ನೊಂದರಲ್ಲಿ ಉಳಿದು ಬ್ರೇಕ್-ಅಪಾರ್ಟ್ ಪ್ರೋಬ್ ಅದನ್ನು ಎತ್ತಿ ತೋರಿಸುತ್ತದೆ.

ಇಆರ್‌ಜಿ ಹಾಗಲ್ಲ. ಅದು ತುದಿಯ ಕಡೆಯಿಂದ ಸೆಂಟ್ರೋಮಿಯರ್ ಕಡೆಗೆ ಓದಿಸಿಕೊಳ್ಳುತ್ತದೆ. 21 ಮತ್ತು 22 ಸುಮ್ಮನೆ ತೋಳು ಅದಲುಬದಲು ಮಾಡಿಕೊಂಡರೆ ಎರಡು ಜೀನ್‌ಗಳು ಎದುರುಬದುರು ದಿಕ್ಕಿಗೆ ಸೇರುತ್ತವೆ, ಕೆಲಸ ಮಾಡುವ ಫ್ಯೂಶನ್ ಹುಟ್ಟುವುದಿಲ್ಲ. ಹುಟ್ಟಬೇಕಾದರೆ ಒಂದು ತುಂಡು ತಿರುಗಬೇಕು. ಇಆರ್‌ಜಿಯ ಹಿಂಭಾಗವಿರುವ ಡಿಎನ್‌ಎ ತುಂಡು ಕಿತ್ತು, ತಲೆಕೆಳಗಾಗಿ, ಇಡಬ್ಲ್ಯೂಎಸ್ ಒಡಕಿನ ನಡುವೆ ಹೊಕ್ಕಬೇಕು. ಅಥವಾ ಇಡಬ್ಲ್ಯೂಎಸ್‌ನ ಮುಂಭಾಗ ಹಾಗೆ ಹೋಗಿ ಇಆರ್‌ಜಿ ಜಾಗದಲ್ಲಿ ಕೂರಬೇಕು. ಒಂದಕ್ಕಿಂತ ಹೆಚ್ಚು ಕಡೆ ಮುರಿಯದೆ ಇದು ಆಗುವುದಿಲ್ಲ. ಯೂಯಿಂಗ್ ಗಡ್ಡೆಗಳ ಪೂರ್ಣ ಜೀನೋಮ್ ಓದಿದ ಗುಂಪೊಂದು 2018ರಲ್ಲಿ ಇದನ್ನೇ ತೋರಿಸಿತು: ಸುಮಾರು 40% ಗಡ್ಡೆಗಳಲ್ಲಿ ಫ್ಯೂಶನ್ ಹುಟ್ಟಿದ್ದು ಸರಳ ಅದಲುಬದಲಿನಿಂದಲ್ಲ, ಹಲವು ಕ್ರೋಮೋಸೋಮುಗಳು ಒಟ್ಟಿಗೆ ಮುರಿದು ಸರಪಳಿಯಾಗಿ ಸೇರಿಕೊಳ್ಳುವ ಕ್ರೋಮೋಪ್ಲೆಕ್ಸಿಯಿಂದ.

ಈಗ ನಮ್ಮ ಸ್ಲೈಡಿಗೆ ಬನ್ನಿ. ಒಂದು ತುಂಡು ಇಡಬ್ಲ್ಯೂಎಸ್ ನಡುವೆ ಹೊಕ್ಕಿದ್ದರೆ ಕೆಂಪು ಎಲ್ಲೂ ಹೋಗಿಲ್ಲ, ಹಸಿರೂ ಎಲ್ಲೂ ಹೋಗಿಲ್ಲ. ನಡುವಿನ ಜಾಗ ಮಾತ್ರ ಹಿಗ್ಗಿದೆ. ಸಾಮಾನ್ಯ ಮೈಕ್ರೋಸ್ಕೋಪಿಗೆ ಸುಮಾರು ಕಾಲು ಮೈಕ್ರಾನ್‌ಗಿಂತ ಹತ್ತಿರವಿರುವ ಎರಡು ಬಿಂದುಗಳನ್ನು ಬಿಡಿಸಿ ತೋರಿಸಲು ಆಗುವುದಿಲ್ಲ. ಹೊಕ್ಕ ತುಂಡು ಚಿಕ್ಕದಿದ್ದರೆ ಜೋಡಿ ಪೂರ್ತಿ ಹಳದಿಯಾಗಿಯೇ ಉಳಿಯುತ್ತದೆ. ದೊಡ್ಡದಿದ್ದರೆ ‘ಸಡಿಲ’ ಕಾಣುತ್ತದೆ. ಇಲ್ಲಿ ಆ ಅದೃಷ್ಟವಿತ್ತು ಅಷ್ಟೇ. ಬಿಗಿಯಾದ ಎರಡು ಹಳದಿ ಮಾತ್ರ ಕಂಡಿದ್ದರೆ ಯಾರ ಕಣ್ಣೂ ಇದನ್ನು ಹಿಡಿಯುತ್ತಿರಲಿಲ್ಲ.

ಉಳಿದ ಸೆಕ್ಷನ್‌ಗಳು

ಬ್ಲಾಕಿನಲ್ಲಿ ಉಳಿದದ್ದು ಕೆಲವೇ ಸೆಕ್ಷನ್‌ಗಳಿಗೆ ಸಾಲುವಷ್ಟು. ಪ್ರತಿ ಪ್ರೋಬ್‌ಗೂ ಒಂದು ಸೆಕ್ಷನ್ ಖರ್ಚು. ಯಾವುದು ಮೊದಲು ಎಂಬುದರ ಮೇಲೆ ಚರ್ಚೆ ನಡೆಯಿತು.

ಮೊದಲು ಹೋದದ್ದು ಇಆರ್‌ಜಿ ಪ್ರೋಟೀನಿನ ಬಣ್ಣ. ಬೇಗ ಆಗುತ್ತದೆ, ಖರ್ಚೂ ಕಡಿಮೆ. ಫ್ಯೂಶನ್‌ನಲ್ಲಿ ಇಆರ್‌ಜಿಯ ಬಾಲ ಉಳಿದಿರುವುದರಿಂದ ಬಾಲವನ್ನು ಹಿಡಿಯುವ ಆಂಟಿಬಾಡಿಯೇ ಬೇಕು. ರಕ್ತನಾಳದ ಕೋಶಗಳಲ್ಲಿ ಇಆರ್‌ಜಿ ಯಾವಾಗಲೂ ಇರುತ್ತದೆ, ಅವೇ ಒಳಗಿನ ಕಂಟ್ರೋಲ್. ಇಲ್ಲಿ ಗಡ್ಡೆಕೋಶಗಳ ನ್ಯೂಕ್ಲಿಯಸ್‌ಗಳೂ ರಕ್ತನಾಳದಷ್ಟೇ ಗಾಢವಾಗಿ ಬಂದವು. ಸುಳಿವು ಸಿಕ್ಕಿತು, ಆದರೆ ತೀರ್ಪಲ್ಲ. ಸಿಐಸಿ ಮುರಿದ ಕೆಲವು ಸಾರ್ಕೋಮಾಗಳಲ್ಲೂ ಇಆರ್‌ಜಿ ಬರುತ್ತದೆ.

ಆಮೇಲೆ ಇಆರ್‌ಜಿ ಬ್ರೇಕ್-ಅಪಾರ್ಟ್. ಈ ಪ್ರೋಬ್ ಸುಲಭವಾಗಿ ಸಿಗುವುದಕ್ಕೆ ಕಾರಣ ಯೂಯಿಂಗ್ ಅಲ್ಲ, ಪ್ರಾಸ್ಟೇಟ್ ಕ್ಯಾನ್ಸರ್. 2005ರಲ್ಲಿ ಸ್ಕಾಟ್ ಟಾಮ್ಲಿನ್ಸ್, ಅರುಲ್ ಚಿನ್ನಯ್ಯನ್ ಮತ್ತು ಜೊತೆಗಾರರು ಟಿಎಂಪಿಆರ್‌ಎಸ್‌ಎಸ್2 ಎಂಬ ಜೀನ್ ಇಆರ್‌ಜಿಗೆ ಅಂಟಿಕೊಳ್ಳುವುದನ್ನು ಪ್ರಾಸ್ಟೇಟ್ ಗಡ್ಡೆಗಳಲ್ಲಿ ಕಂಡರು. ಅಲ್ಲಿಂದ ಈ ಜೀನಿಗೆ ಪ್ರೋಬ್‌ಗಳ ಸಾಲೇ ಬಂತು. ಅಲ್ಲೂ ಎರಡು ಜೀನ್‌ಗಳ ನಡುವೆ ಇರುವುದು ಸುಮಾರು 30 ಲಕ್ಷ ಬೇಸ್ ಮಾತ್ರ, ಅಲ್ಲಿನ ಓದುಗರಿಗೂ ಚಿಕ್ಕ ಅಂತರಗಳ ಕಾಟ ಹೊಸದಲ್ಲ.

ನಮ್ಮ ಮಾದರಿಯಲ್ಲಿ ಇಆರ್‌ಜಿ ಪ್ರೋಬ್ ಸ್ಪಷ್ಟವಾಗಿ ಮಾತಾಡಿತು. 100 ಗಡ್ಡೆಕೋಶಗಳಲ್ಲಿ 72ರಲ್ಲಿ ಹಿಂಬದಿಯ ಬಣ್ಣ ಮುಂಬದಿಯಿಂದ ದೂರ ಹೋಗಿತ್ತು. ಪಕ್ಕದ ಮಾಮೂಲಿ ಕೋಶಗಳಲ್ಲಿ 50ಕ್ಕೆ 2. ಉಳಿದ 28 ಯಾಕೆ ಬರಲಿಲ್ಲ ಎಂದರೆ, 4 ಮೈಕ್ರಾನ್ ಸೆಕ್ಷನ್‌ನಲ್ಲಿ ಇಡೀ ನ್ಯೂಕ್ಲಿಯಸ್ ಇರುವುದಿಲ್ಲ. ಕತ್ತರಿಸುವಾಗ ಒಂದು ಸಿಗ್ನಲ್ ಪಕ್ಕದ ಸೆಕ್ಷನ್‌ಗೆ ಹೋಗಿಬಿಟ್ಟಿರುತ್ತದೆ. ಒಂದೇ ಬಗೆಯ ಗಡ್ಡೆಕೋಶಗಳಲ್ಲೂ ನೂರಕ್ಕೆ ನೂರು ಬಂದರೆ ನನಗಂತೂ ಅನುಮಾನ ಬರುತ್ತದೆ.

ಅಂದರೆ ಇಆರ್‌ಜಿ ಮುರಿದಿದೆ, ಅದರ ಹಿಂಭಾಗ ಎಲ್ಲೋ ಹೋಗಿದೆ. ಎಲ್ಲಿಗೆ? ಇಡಬ್ಲ್ಯೂಎಸ್‌ಗೇ ಹೋಗಿದೆ ಎನ್ನಲು ಇನ್ನೂ ಆಗುವುದಿಲ್ಲ. ಯೂಯಿಂಗ್‌ನಲ್ಲಿ ಅಪರೂಪಕ್ಕೆ 16ನೇ ಕ್ರೋಮೋಸೋಮಿನ ಎಫ್‌ಯುಎಸ್ ಜೀನ್ ಇಡಬ್ಲ್ಯೂಎಸ್ ಜಾಗ ಹಿಡಿದು ಇಆರ್‌ಜಿ ಜೊತೆ ಸೇರುವುದೂ ಉಂಟು. ಆಗ ಇಡಬ್ಲ್ಯೂಎಸ್ ಪ್ರೋಬ್ ನಿಜವಾಗಿಯೂ ನೆಗೆಟಿವ್.

ಅದಕ್ಕೆ ಮೂರನೇ ಪ್ರೋಬ್: ಇಡಬ್ಲ್ಯೂಎಸ್ ಮುಂಬದಿಗೆ ಒಂದು ಬಣ್ಣ, ಇಆರ್‌ಜಿ ಹಿಂಬದಿಗೆ ಇನ್ನೊಂದು. ಇಲ್ಲಿ ಹಳದಿಯ ಅರ್ಥ ತಿರುಗುಮುರುಗು. ಬ್ರೇಕ್-ಅಪಾರ್ಟ್‌ನಲ್ಲಿ ಹಳದಿ ಎಂದರೆ ಎಲ್ಲ ಸರಿ. ಫ್ಯೂಶನ್ ಪ್ರೋಬ್‌ನಲ್ಲಿ ಹಳದಿ ಎಂದರೆ ಸೇರಬಾರದವು ಸೇರಿವೆ. ಮಾಮೂಲಿ ಕೋಶದಲ್ಲಿ ಎರಡು ಕೆಂಪು, ಎರಡು ಹಸಿರು ಬೇರೆ ಬೇರೆ ಇರಬೇಕು. ಈ ಪ್ರೋಬ್‌ಗೂ ಒಂದು ದುರ್ಬಲ ಜಾಗವಿದೆ: ಮೂರು ಆಯಾಮದ ನ್ಯೂಕ್ಲಿಯಸ್ ಅನ್ನು ಚಪ್ಪಟೆಯಾಗಿ ನೋಡುವಾಗ ಸಂಬಂಧವಿಲ್ಲದ ಎರಡು ಸಿಗ್ನಲ್ ಒಂದರ ಮೇಲೊಂದು ಬಿದ್ದು ಸುಳ್ಳು ಹಳದಿ ಆಗಬಹುದು. ಆದ್ದರಿಂದ ಇದರ ಕಟ್‌ಆಫ್ ಬೇರೆಯೇ ಇಟ್ಟಿರಬೇಕು. ನಮ್ಮ ಗಡ್ಡೆಕೋಶಗಳಲ್ಲಿ ಬಹುಪಾಲು ಒಂದು ಹಳದಿ, ಒಂದು ಕೆಂಪು, ಒಂದು ಹಸಿರು ತೋರಿಸಿದವು. ಫೋಕಸ್ ಮೇಲೆ ಕೆಳಗೆ ಮಾಡಿದಾಗಲೂ ಹಳದಿ ಬಿಡಿಸಿಕೊಳ್ಳಲಿಲ್ಲ.

ಕೊನೆಯದು ಆರ್‌ಎನ್‌ಎ. ಪ್ಯಾರಾಫಿನ್‌ನಲ್ಲಿ ಆರ್‌ಎನ್‌ಎ ಚೂರುಚೂರಾಗಿರುತ್ತದೆ, ಹಾಗಾಗಿ ಚಿಕ್ಕ ತುಂಡುಗಳನ್ನೇ ಓದುವ ವಿಧಾನ ಬೇಕು. ಇಡಬ್ಲ್ಯೂಎಸ್‌ನ 7ನೇ ಎಕ್ಸಾನ್ (ಜೀನಿನಲ್ಲಿ ಆರ್‌ಎನ್‌ಎ ಸಂದೇಶಕ್ಕೆ ಉಳಿಯುವ ತುಂಡು) ಮುಗಿದ ಕೂಡಲೇ ಇಆರ್‌ಜಿ ಶುರುವಾಗುವ ಸಾಲು ಸಿಕ್ಕಿತು. ಓದುವ ಚೌಕಟ್ಟೂ ಕೆಟ್ಟಿರಲಿಲ್ಲ, ಅಂದರೆ ಈ ಸಾಲಿನಿಂದ ಪ್ರೋಟೀನ್ ಹುಟ್ಟಬಲ್ಲದು. ಫಿಶ್ ತೋರಿಸಿದ್ದು ಎರಡು ಜಾಗಗಳು ಪಕ್ಕಕ್ಕೆ ಬಂದವೆಂದು. ಆ ಸೇರಿಕೆಯಿಂದ ಸಂದೇಶ ಹೊರಡುತ್ತಿದೆ ಎಂದು ಹೇಳಿದ್ದು ಆರ್‌ಎನ್‌ಎ.

ಗುಂಪು ಬದಲಾಯಿತು

ಮಾದರಿ ‘ಫ್ಯೂಶನ್ ಇಲ್ಲ’ ಗುಂಪಿನಿಂದ ಯೂಯಿಂಗ್ ಗುಂಪಿಗೆ ಹೋಯಿತು. ಚಿಕಿತ್ಸೆಯ ದೃಷ್ಟಿಯಿಂದ ಎಫ್‌ಎಲ್‌ಐ1 ಬದಲು ಇಆರ್‌ಜಿ ಇದ್ದದ್ದರಿಂದ ದಾರಿ ಬದಲಾಗುವುದಿಲ್ಲ, ಎರಡೂ ಒಂದೇ ಕುಟುಂಬದ ಜೀನ್‌ಗಳು, ರೋಗದ ನಡೆಯೂ ಹೆಚ್ಚುಕಡಿಮೆ ಒಂದೇ. ಸಂಶೋಧನೆಗೆ ಮಾತ್ರ ಪೆಟ್ಟು ದೊಡ್ಡದಾಗುತ್ತಿತ್ತು. ಫ್ಯೂಶನ್ ಇಲ್ಲದ ಗಡ್ಡೆಗಳ ಗುಂಪು ಹೇಗೂ ಚಿಕ್ಕದು. ಅಂಥ ಗುಂಪಿನಲ್ಲಿ ಎರಡು ಮೂರು ಮರೆಯಾದ ಯೂಯಿಂಗ್‌ಗಳು ಕೂತರೆ ಸಾಕು, ಆ ಗುಂಪಿನ ಜೀನ್ ಚಟುವಟಿಕೆ ಯೂಯಿಂಗ್ ಕಡೆಗೆ ವಾಲುತ್ತದೆ. ಆಮೇಲೆ ಯಾರಾದರೂ ‘ಫ್ಯೂಶನ್ ಇಲ್ಲದೆಯೂ ಯೂಯಿಂಗ್ ಥರ ವರ್ತಿಸುವ ಹೊಸ ರೋಗ’ ಕಂಡೆವು ಎಂದು ಬರೆಯಲೂಬಹುದು.

ಇಷ್ಟೆಲ್ಲ ಸುತ್ತುವ ಬದಲು ಮೊದಲೇ ಆರ್‌ಎನ್‌ಎಗೆ ಹೋಗಬಹುದಿತ್ತಲ್ವಾ ಎಂದು ಕೇಳುವವರಿದ್ದಾರೆ. ನ್ಯಾಯವಾದ ಪ್ರಶ್ನೆ. ಒಳ್ಳೆಯ ಆರ್‌ಎನ್‌ಎ, ಫ್ಯೂಶನ್ ಪ್ಯಾನೆಲ್ (ಹಲವು ಫ್ಯೂಶನ್‌ಗಳನ್ನು ಒಟ್ಟಿಗೆ ಹುಡುಕುವ ಪರೀಕ್ಷೆ) ಎರಡೂ ಕೈಯಲ್ಲಿದ್ದರೆ ದುಂಡು ಕೋಶದ ಗಡ್ಡೆಗೆ ನಾನೂ ಅದನ್ನೇ ಮೊದಲು ಆರಿಸುತ್ತೇನೆ. ಒಂದೇ ಓಟದಲ್ಲಿ ಎರಡೂ ಜೊತೆಗಾರರ ಹೆಸರು ಸಿಗುತ್ತದೆ. ಇಡಬ್ಲ್ಯೂಎಸ್ ಬ್ರೇಕ್-ಅಪಾರ್ಟ್ ಪಾಸಿಟಿವ್ ಬಂದಾಗಲೂ ಕೆಲಸ ಪೂರ್ತಿಯಾಗಿರುವುದಿಲ್ಲ, ಏಕೆಂದರೆ ಡೆಸ್ಮೋಪ್ಲಾಸ್ಟಿಕ್ ದುಂಡು ಕೋಶದ ಗಡ್ಡೆಯಲ್ಲಿ ಡಬ್ಲ್ಯೂಟಿ1 ಜೊತೆ, ಕ್ಲಿಯರ್ ಸೆಲ್ ಸಾರ್ಕೋಮಾದಲ್ಲಿ ಎಟಿಎಫ್1 ಜೊತೆ ಸೇರುವುದೂ ಇದೇ ಜೀನ್. ಆದರೆ ಹಳೆಯ ಬ್ಲಾಕ್‌ಗಳಲ್ಲಿ ಆರ್‌ಎನ್‌ಎ ಸೋಲುತ್ತದೆ. ಗಡ್ಡೆಕೋಶಗಳು ಬೆರಳೆಣಿಕೆಯಷ್ಟೇ ಇದ್ದು ಸುತ್ತ ಬೇರೆ ಕೋಶಗಳು ತುಂಬಿದ್ದರೆ, ಯಾವ ಕೋಶದಲ್ಲಿ ಏನಾಗಿದೆ ಎಂದು ಕಣ್ಣಾರೆ ತೋರಿಸುವುದು ಫಿಶ್ ಮಾತ್ರ. ಈ ಪ್ರಕರಣದಲ್ಲಿ ನಾಳದ ಕೋಶ ಬಿಗಿ, ಗಡ್ಡೆಕೋಶ ಸಡಿಲ ಎಂಬ ಹೋಲಿಕೆ ಸಿಕ್ಕಿದ್ದೂ ಆ ಗುಣದಿಂದಲೇ.

ಅಧ್ಯಯನದ ನಿಯಮಗಳಲ್ಲಿ ಬದಲಾದದ್ದು ಎರಡು. ಎಣಿಕೆ ಹಾಳೆಯಲ್ಲಿ ‘ಒಡೆದದ್ದು’, ‘ಒಡೆಯದ್ದು’ ಜೊತೆಗೆ ‘ಒಂದು ಜೋಡಿ ಮಾತ್ರ ಸಡಿಲ’ ಎಂಬ ಕಾಲಮ್ ಬಂತು, ಅದನ್ನು ಅದೇ ಸ್ಲೈಡಿನ ಮಾಮೂಲಿ ಕೋಶಗಳಲ್ಲೂ ಎಣಿಸಬೇಕು. ಮತ್ತೆ, ಸಿಡಿ99, ಎನ್‌ಕೆಎಕ್ಸ್2.2 ಎರಡೂ ಗಟ್ಟಿಯಾಗಿ ಬಂದು ಫಿಶ್ ನೆಗೆಟಿವ್ ಆದರೆ ಮಾದರಿ ಯಾವ ಗುಂಪಿಗೂ ಹೋಗುವುದಿಲ್ಲ, ಇಆರ್‌ಜಿ ಪ್ರೋಬ್ ಅಥವಾ ಆರ್‌ಎನ್‌ಎ ಫಲಿತಾಂಶ ಬರುವವರೆಗೆ ಕಾಯುತ್ತದೆ. ವರದಿಯ ಸಾಲನ್ನೂ ತಿದ್ದಿದರು. ‘ಇಡಬ್ಲ್ಯೂಎಸ್‌ಆರ್1 ಫ್ಯೂಶನ್ ಇಲ್ಲ’ ಎಂದಿದ್ದ ಕಡೆ ಈಗ ‘ಇಡಬ್ಲ್ಯೂಎಸ್‌ಆರ್1ರ ಎರಡು ಬದಿಗಳು ದೂರವಾಗಿರುವುದು ಕಂಡಿಲ್ಲ, ಒಳಸೇರಿಕೆಯಿಂದಾದ ಫ್ಯೂಶನ್ ಅನ್ನು ಈ ಪರೀಕ್ಷೆ ತಳ್ಳಿಹಾಕುವುದಿಲ್ಲ’ ಎಂದಿದೆ. ಹಿಂದೆ ‘ಫ್ಯೂಶನ್ ಇಲ್ಲ’ ಗುಂಪಿಗೆ ಹೋಗಿದ್ದ ಸ್ಲೈಡ್‌ಗಳ ಚಿತ್ರಗಳನ್ನು ಹೊಸ ಕಾಲಮ್ ಇಟ್ಟುಕೊಂಡು ಮತ್ತೆ ಓದುತ್ತಿದ್ದಾರೆ.